ವಾಡಿಯೋ ಯಾದಗಿರಿಯೋ: ರೈಲ್ ಎಂಜಿನ್ ನೋಡಲು ನಾವು ನಿಂತ ನಾಲ್ಕು ಜಾಗ

ನವೆಂಬರ್‌ನ ಒಂದು ಭಾನುವಾರ ನಾನು ಮತ್ತು ನನ್ನ ಅಕ್ಕನ ಮಗ ವಾಡಿ ಜಂಕ್ಷನ್ನಿಗೆ ಹೋಗಿದ್ದೆವು. ಬೆಳಿಗ್ಗೆ ಏಳಕ್ಕೆ ಇಳಿದವರು ಮಧ್ಯಾಹ್ನ ಒಂದರ ತನಕ ಅಲ್ಲೇ ಇದ್ದೆವು. ವಾಪಸ್ ಬರುವಾಗ ಅವನ ನೋಟ್‌ಬುಕ್ಕಿನಲ್ಲಿ 31 ಎಂಜಿನ್ ನಂಬರ್ ಇದ್ದವು. ನನ್ನ ಕ್ಯಾಮೆರಾದಲ್ಲಿ 212 ಫೋಟೋ ಇದ್ದವು. ರಾತ್ರಿ ಕೂತು ನೋಡಿದರೆ, ಗೋಡೆಗೆ ಹಾಕುವ ಮಾತಿರಲಿ, ಸ್ಟೇಟಸ್‌ಗೆ ಹಾಕುವಂಥದ್ದೂ ಒಂದಿರಲಿಲ್ಲ. ಒಂದರಲ್ಲಿ ಎಂಜಿನ್ ಮೂತಿಯ ಮುಂದೆ ಕಂಬ. ಇನ್ನೊಂದರಲ್ಲಿ ಸಿಮೆಂಟ್ ಗೂಡ್ಸ್ ಅಡ್ಡ. ಮತ್ತೊಂದರಲ್ಲಿ ಯಾರೋ ಪುಣ್ಯಾತ್ಮರು ಸರಿಯಾದ ಹೊತ್ತಿಗೇ ಬಂದು ಬಾಟಲಿಗೆ ನೀರು ಹಿಡಿಯುತ್ತ ನಿಂತಿದ್ದಾರೆ.

ಹುಡುಗ ಮಾತ್ರ ಖುಷಿಯಲ್ಲಿ ತೇಲುತ್ತಿದ್ದ. "ಮುಂದಿನ ವಾರ ಭೀ ವಾಡಿಗೇ ಹೋಗಮ್ರಿ ಮಾಮಾ" ಅಂದ.

ಆ ರಾತ್ರಿಯ ಹೊಟ್ಟೆಉರಿಯಿಂದಲೇ ಈ ಹೋಲಿಕೆ ಶುರುವಾದದ್ದು. ಅಲ್ಲಿಂದ ಹದಿನಾಲ್ಕು ತಿಂಗಳು, ಸಿಕ್ಕ ಸಿಕ್ಕ ಭಾನುವಾರ, ನಾಲ್ಕು ಕಡೆ ನಿಂತು ನೋಡಿದೆವು. ವಾಡಿ ಜಂಕ್ಷನ್, ಕಲಬುರಗಿ ಸ್ಟೇಷನ್, ಯಾದಗಿರಿ, ಆಮೇಲೆ ಕಲಬುರಗಿಯಿಂದ ಬೀದರ್‌ಗೆ ಹೋಗುವ ಹೊಸ ಹಾದಿ. ನಾವಿಬ್ಬರು ಒಂದೇ ಡಬ್ಬಿಯಿಂದ ರೊಟ್ಟಿ ತಿಂದರೂ ಹುಡುಕುವುದು ಬೇರೆ ಬೇರೆ. ಒಂಬತ್ತನೇ ಕ್ಲಾಸಿನ ಅವನಿಗೆ ನಂಬರ್ ಬೇಕು. ಎಂಜಿನ್ ನಿಂತಿರಲಿ, ಓಡಲಿ, ಅರ್ಧ ಮರೆಯಲ್ಲಿರಲಿ, ಐದು ಅಂಕಿ ಕಂಡರೆ ಆಯಿತು. ನನಗೆ ಫೋಟೋ ಬೇಕು. ಒಂದು ದಿನಕ್ಕೆ ಒಂದೇ ಸಿಕ್ಕರೂ ಸಾಕು, ಆದರೆ ಅದು ಚೆನ್ನಾಗಿರಬೇಕು. ಈ ಎರಡೂ ಆಸೆ ಒಂದೇ ಜಾಗದಲ್ಲಿ ತೀರುವುದು ಕಷ್ಟ. ಇದು ನಮಗೆ ಗೊತ್ತಾಗಲು ಒಂದು ವರ್ಷ ಹಿಡಿಯಿತು.

ವಾಡಿ

ಕಲಬುರಗಿಯಿಂದ ವಾಡಿ ರೈಲಿನಲ್ಲಿ ಸುಮಾರು 37 ಕಿ.ಮೀ. ನಡುವೆ ಶಹಾಬಾದ್, ಅದು ದಾಟಿದ ಮೇಲೆ ಕಾಗಿಣಾ ನದಿಯ ಸೇತುವೆ. ಮುಂಬೈ ಕಡೆಯಿಂದ ಬಂದ ಹಳಿ 1871ರಲ್ಲೇ ರಾಯಚೂರು ಮುಟ್ಟಿ ಮದ್ರಾಸ್ ಕಡೆಯ ಹಳಿಯನ್ನು ಕೂಡಿಕೊಂಡಿತ್ತು. ಆಗ ವಾಡಿ ದಾರಿಯಲ್ಲಿ ಸಿಗುವ ಒಂದು ಊರು, ಅಷ್ಟೇ. 1874ರಲ್ಲಿ ನಿಜಾಮರ ರೈಲು ಇಲ್ಲಿಂದ ಸಿಕಂದರಾಬಾದಿಗೆ ಕವಲೊಡೆಯಿತು. ವಾಡಿ ಜಂಕ್ಷನ್ ಆಯಿತು. ಈಗ ಒಂದು ಕಡೆ ಸೊಲ್ಲಾಪುರ, ಒಂದು ಕಡೆ ಹೈದರಾಬಾದ್, ಇನ್ನೊಂದು ಕಡೆ ರಾಯಚೂರು, ಗುಂತಕಲ್.

ಎಂಜಿನ್ ನೋಡುವವರಿಗೆ ಇದರಿಂದ ಏನು ಲಾಭ ಅಂದರೆ, ವಾಡಿಯಲ್ಲಿ ರೈಲ್ವೆಯ ಮೂರು ವಿಭಾಗಗಳ ಗಡಿ ಸೇರುತ್ತದೆ. ಸೊಲ್ಲಾಪುರ, ಸಿಕಂದರಾಬಾದ್, ಗುಂತಕಲ್. ಪ್ರತಿ ಎಂಜಿನ್‌ಗೂ ಅದನ್ನು ನೋಡಿಕೊಳ್ಳುವ ಒಂದು ಶೆಡ್ ಇರುತ್ತದೆ, ಹಾಗಾಗಿ ಯಾವ ಯಾವುದೋ ಶೆಡ್ಡಿನ ಎಂಜಿನ್‌ಗಳು ಇಲ್ಲಿ ಒಂದರ ಪಕ್ಕ ಒಂದು ಬಂದು ನಿಲ್ಲುತ್ತವೆ. ಶೆಡ್ಡಿನ ಹೆಸರು ಎಂಜಿನ್ ಮೈಮೇಲೆ ಬರೆದಿರುತ್ತದೆ. ಲಾಲಾಗುಡಾ, ಕಾಜೀಪೇಟೆ, ಗುಂತಕಲ್, ಪುಣೆ, ಕಲ್ಯಾಣ, ಅಜನಿ, ಈರೋಡ್, ಅರಕ್ಕೋಣಂ. ಹುಡುಗ ಭಾರತದ ನಕ್ಷೆ ಕಲಿತದ್ದೇ ಹೀಗೆ. ಭೂಗೋಳದ ಮೇಷ್ಟ್ರಿಗೆ ಹೇಳಬೇಡಿ.

ನಂಬರ್ ಓದುವುದು ಹೇಗೆ ಅಂತ ಮೊದಲ ದಿನ ಅವನೇ ನನಗೆ ಪಾಠ ಮಾಡಿದ. ಎಂಜಿನ್ ಹೆಸರಿನ ಮೊದಲ ಅಕ್ಷರ ಡಬ್ಲ್ಯೂ ಅಂದರೆ ಬ್ರಾಡ್‌ಗೇಜ್. ಎರಡನೆಯದು ಎ ಆದರೆ ಕರೆಂಟು, ಡಿ ಆದರೆ ಡೀಸೆಲ್. ಮೂರನೆಯದು ಪಿ ಆದರೆ ಪ್ರಯಾಣಿಕರ ಗಾಡಿಗೆ, ಜಿ ಆದರೆ ಗೂಡ್ಸಿಗೆ, ಎಂ ಆದರೆ ಎರಡಕ್ಕೂ. ಹುಡುಗರು ಅದನ್ನೇ ಒಟ್ಟು ಸೇರಿಸಿ ವ್ಯಾಪ್-7, ವ್ಯಾಗ್-9 ಅಂತ ಕರೆಯುತ್ತಾರೆ. ಎಕ್ಸ್‌ಪ್ರೆಸ್ ಗಾಡಿಗಳ ಮುಂದೆ ಈಗ ಜಾಸ್ತಿ ಕಾಣುವುದು ವ್ಯಾಪ್-7. ನಂಬರ್ 30, 37 ಅಥವಾ 39ರಿಂದ ಶುರುವಾದರೆ ಅದು ವ್ಯಾಪ್-7. 31, 32, 33, 41 ಆದರೆ ಗೂಡ್ಸ್ ಎಳೆಯುವ ವ್ಯಾಗ್-9. ಎರಡೂ 6,000 ಅಶ್ವಶಕ್ತಿಯ ಮೇಲಿನವು. ವ್ಯಾಗ್-9ರ ಗಿಯರ್ ಲೆಕ್ಕ ಬದಲಿಸಿ ವೇಗಕ್ಕೆ ತಿದ್ದಿದ್ದೇ ವ್ಯಾಪ್-7. ಹೀಗಾಗಿ ಮುಖ ನೋಡಿದರೆ ಅಣ್ಣತಮ್ಮಂದಿರ ಹಾಗೆ ಇವೆ. ದೂರದಿಂದ ನಾನು ಇವತ್ತಿಗೂ ತಪ್ಪು ಹೇಳುತ್ತೇನೆ, ಅವನು ಹೇಳುವುದಿಲ್ಲ.

ಇವು ಹೊರಡುವಾಗ ಒಂದು ಸದ್ದು ಬರುತ್ತದೆ, ಅದನ್ನು ಕೇಳಬೇಕು. ಹಳೆಯ ವ್ಯಾಪ್-7 ಮತ್ತು ವ್ಯಾಗ್-9 ನಿಂತಲ್ಲಿಂದ ಕದಲುವಾಗ ಹಾರ್ಮೋನಿಯಂ ಮೇಲೆ ಯಾರೋ ಒಂದೊಂದೇ ಮನೆ ಏರಿಸುತ್ತಾ ಹೋದ ಹಾಗೆ ಶ್ರುತಿ ಏರುತ್ತದೆ. ಹೊಸವು ಅಷ್ಟು ಹಾಡುವುದಿಲ್ಲ, ಒಳಗಿನ ಎಲೆಕ್ಟ್ರಾನಿಕ್ಸ್ ಬದಲಾಗಿದೆ. ಗಾಡಿ ನಿಂತು ಹೊರಡುವ ಜಾಗದಲ್ಲಿ ಮಾತ್ರ ಇದು ಕೇಳಿಸುತ್ತದೆ. ಈ ಒಂದು ವಿಷಯದಲ್ಲಿ ವಾಡಿಗೆ ಸಾಟಿ ಇಲ್ಲ.

ಇನ್ನು ಗೂಡ್ಸ್. ಈ ಸುತ್ತಿನಲ್ಲಿ ಸುಣ್ಣದ ಕಲ್ಲು ಇರುವಲ್ಲೆಲ್ಲ ಸಿಮೆಂಟ್ ಕಾರ್ಖಾನೆ. ವಾಡಿಯಲ್ಲಿ ಎಸಿಸಿ, ಮಳಖೇಡದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ. ಕಲ್ಲಿದ್ದಲು ತೆರೆದ ವ್ಯಾಗನ್ನಿನಲ್ಲಿ ಬರುತ್ತದೆ, ಸಿಮೆಂಟ್ ಮುಚ್ಚಿದ ವ್ಯಾಗನ್ನಿನಲ್ಲಿ ಹೋಗುತ್ತದೆ. ಹೀಗಾಗಿ ಎಕ್ಸ್‌ಪ್ರೆಸ್ ಇಲ್ಲದ ಹೊತ್ತಿನಲ್ಲೂ ವಾಡಿಯಲ್ಲಿ ಬೇಸರವಿಲ್ಲ. ಗೂಡ್ಸ್ ಗಾಡಿ ಸಿಗ್ನಲ್ಲಿಗಾಗಿ ಅರ್ಧ ಗಂಟೆ ನಿಂತುಬಿಡುತ್ತದೆ. ನಂಬರ್ ಬರೆದು, ಶೆಡ್ ಬರೆದು, ಮಿರ್ಚಿ ತಿಂದು, ಮತ್ತೆ ಹೋಗಿ ಸರಿ ಇದೆಯಾ ಅಂತ ನೋಡಿ ಬರುವಷ್ಟು ಪುರುಸೊತ್ತು ಇರುತ್ತದೆ.

ಫೋಟೋಗೆ ಶತ್ರುವೂ ಇದೇ ಗೂಡ್ಸ್. ಅರ್ಧ ಗಂಟೆ ನಿಂತ ಗೂಡ್ಸು ಅರ್ಧ ಗಂಟೆ ಅಡ್ಡವೂ ನಿಂತಿರುತ್ತದೆ. ಅದರ ಹಿಂದಿನ ಹಳಿಯಲ್ಲಿ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಬಂದು ಹೋದರೂ ನಿಮಗೆ ಕಾಣುವುದು ವ್ಯಾಗನ್ ಸಂದಿಯಲ್ಲಿ ಮಿಂಚಿ ಹೋಗುವ ಕಿಟಕಿ. ಅದರ ಜೊತೆಗೆ ಕಂಬ, ತಂತಿ, ಪ್ಲಾಟ್‌ಫಾರ್ಮಿನ ಮಾಡಿನ ನೆರಳು. ಎಂಜಿನ್ ಮೂತಿ ಬಿಸಿಲಲ್ಲಿದ್ದರೆ ಮೈ ನೆರಳಲ್ಲಿ, ಮೈ ಬಿಸಿಲಲ್ಲಿದ್ದರೆ ಮೂತಿ ಕತ್ತಲು.

ಪ್ಲಾಟ್‌ಫಾರ್ಮಿನ ತುದಿ ಒಳ್ಳೆಯದೋ, ಮೇಲಿನ ಪಾದಚಾರಿ ಸೇತುವೆ ಒಳ್ಳೆಯದೋ ಅಂತ ಇಬ್ಬರೂ ಬಹಳ ದಿನ ಜಗಳ ಆಡಿದ್ದೇವೆ. ತುದಿಯಲ್ಲಿ ಮಾಡು ಇರುವುದಿಲ್ಲ, ಬೆಳಕು ಪೂರ್ತಿ ಬೀಳುತ್ತದೆ, ಬರುವ ಗಾಡಿ ನೇರ ಎದುರಿಗೆ ಸಿಗುತ್ತದೆ. ಆದರೆ ಎಂಜಿನ್ ನಿಮ್ಮನ್ನು ದಾಟಿ ಮುಂದೆ ಹೋಗಿಯೇ ನಿಲ್ಲುತ್ತದೆ. ಸಿಗುವುದು ಮೂರ್ನಾಲ್ಕು ಸೆಕೆಂಡು. ಸೇತುವೆ ಮೇಲಿಂದ ಹಳಿಗಳು ಕವಲೊಡೆಯುವುದು ಚಂದ ಕಾಣುತ್ತದೆ, ಯಾವ ಗಾಡಿ ಯಾವ ಕಡೆ ತಿರುಗುತ್ತದೆ ಅಂತ ಅಂದಾಜು ಮಾಡುವ ಆಟವೂ ಆಡಬಹುದು. ಆದರೆ ಎಂಜಿನ್ ಮೇಲೆ ತಂತಿಯ ಗೆರೆ ಬಿದ್ದೇ ಬೀಳುತ್ತದೆ. ನನ್ನ ತೀರ್ಪು: ನಂಬರ್‌ಗೆ ಸೇತುವೆಯ ಬುಡ, ಅಂದರೆ ಪ್ಲಾಟ್‌ಫಾರ್ಮಿನ ನಡು. ಫೋಟೋಗೆ ತುದಿ. ಸೇತುವೆ ಮೇಲೆ ಗಾಳಿ ಕುಡಿಯಲು ಹೋಗಬಹುದು.

ವಾಡಿಯ ಇನ್ನೊಂದು ಕೊರತೆ ಯಾರೂ ಹೇಳುವುದಿಲ್ಲ. ಹೈದರಾಬಾದ್ ಕಡೆಯಿಂದ ರಾಯಚೂರು ಕಡೆಗೆ ಹೋಗುವ ಕೆಲವು ಗಾಡಿಗಳು ವಾಡಿ ಸ್ಟೇಷನ್ನಿಗೆ ಬರುವುದೇ ಇಲ್ಲ. ಬಂದರೆ ಎಂಜಿನ್ ಬಿಚ್ಚಿ ಹಿಂದಕ್ಕೆ ಜೋಡಿಸಬೇಕಲ್ಲ, ಅದಕ್ಕೆ ಹೊರಗಿನ ಬೈಪಾಸ್ ಹಳಿಯಲ್ಲೇ ತಿರುಗಿಕೊಂಡು ಯಾದಗಿರಿ ಕಡೆ ಹೋಗಿಬಿಡುತ್ತವೆ. ಜಂಕ್ಷನ್ನಿನಲ್ಲಿ ಕೂತರೆ ಎಲ್ಲ ಸಿಗುತ್ತದೆ ಅಂತ ನಂಬಿಕೊಂಡಿದ್ದ ಹುಡುಗ ಇದು ಗೊತ್ತಾದ ದಿನ ಮುಖ ಸಣ್ಣ ಮಾಡಿಕೊಂಡಿದ್ದ.

ಕಲಬುರಗಿ

ಇದರ ಬಗ್ಗೆ ಬಹಳ ಬರೆಯುವುದಿಲ್ಲ. ಮನೆ ಹತ್ತಿರ, 10 ರೂಪಾಯಿ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದರೆ 2 ಗಂಟೆ ನಿಲ್ಲಬಹುದು, ಚಹಾ ಚೆನ್ನಾಗಿದೆ. ಮುಂಬೈ ಕಡೆಯ ಎಕ್ಸ್‌ಪ್ರೆಸ್ ಎಲ್ಲ ಇಲ್ಲೂ ಬರುತ್ತವೆ. ಉದ್ಯಾನ್, ಕರ್ನಾಟಕ ಎಕ್ಸ್‌ಪ್ರೆಸ್, ಕೋಣಾರ್ಕ್, ಚೆನ್ನೈ ಮೇಲ್. ಆದರೆ ಗೂಡ್ಸ್‌ನ ವೈವಿಧ್ಯ ಇಲ್ಲ, ಹೈದರಾಬಾದ್ ಕವಲು ಇಲ್ಲ, ಜನ ಮಾತ್ರ ವಾಡಿಗಿಂತ ಎರಡರಷ್ಟು. ಬೀಳ್ಕೊಡಲು ಬಂದ ಇಡೀ ಕುಟುಂಬ ಎಂಜಿನ್ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತದೆ. ಕ್ಯಾಮೆರಾ ಕಂಡರೆ ಸಾಕು, "ಅಣ್ಣಾ, ನಮ್ದೂ ಒಂದು ಹೊಡೀರಿ" ಅಂತ ನಿಮ್ಮ ಕೈಗೇ ಫೋನು ಕೊಡುತ್ತಾರೆ.

ಕಲಬುರಗಿಯ ಹೆಮ್ಮೆ ಅಂದರೆ ವಂದೇ ಭಾರತ್. 2024ರ ಮಾರ್ಚ್ 12ರಂದು ಬೆಂಗಳೂರಿಗೆ ಶುರುವಾಯಿತು. ಅದನ್ನು ಹಿಡಿಯಲು ನಾನು ಮೂರು ಸಲ ಹೋಗಿದ್ದೇನೆ, ಮೂರೂ ಸಲ ಕತ್ತಲು. ಆಗ ಬೆಳಿಗ್ಗೆ ಐದೂ ಕಾಲಿನ ಸುಮಾರಿಗೆ ಹೊರಡುತ್ತಿತ್ತು, ರಾತ್ರಿ ಬಹಳ ಹೊತ್ತಾದ ಮೇಲೆ ವಾಪಸ್ ಬರುತ್ತಿತ್ತು. ನಮ್ಮೂರಿನ ಗಾಡಿ ನಮ್ಮೂರಿನ ಬಿಸಿಲನ್ನೇ ಕಂಡಿರಲಿಲ್ಲ. ಹುಡುಗನಿಗೆ ಅದರಲ್ಲಿ ಆಸಕ್ತಿಯೂ ಕಡಿಮೆ, ಯಾಕೆಂದರೆ ಬೇರೆ ಎಂಜಿನ್ ಇಲ್ಲ. ಎಳೆಯುವ ಮೋಟಾರು ಬೋಗಿಗಳ ಕೆಳಗೇ ಇರುತ್ತದೆ. "ಎಂಜಿನ್ ಇಲ್ಲಂದ್ರ ಏನ್ ಬರ್ಕೋಬೇಕ್ರಿ ಮಾಮಾ?" ಅಂತ ಅವನ ಪ್ರಶ್ನೆ.

ಆದರೆ ಸಂಜೆ ಏಳರ ಮೇಲೆ ಕಲಬುರಗಿ ಬೇರೆಯೇ. ಪ್ಲಾಟ್‌ಫಾರ್ಮಿನ ದೀಪ ಎಂಜಿನ್ ಮೈಮೇಲೆ ಮೆತ್ತಗೆ ಬೀಳುತ್ತದೆ, ಕಂಬ ತಂತಿ ಎಲ್ಲ ಕತ್ತಲಲ್ಲಿ ಮುಚ್ಚಿಹೋಗುತ್ತವೆ. ಗಾಡಿ ನಿಂತಿರುವುದರಿಂದ ಫೋನಿನ ನೈಟ್ ಮೋಡ್ ಕೂಡ ಕೆಲಸ ಮಾಡುತ್ತದೆ. ಬೆಂಚಿನ ಹಿಂಬದಿಗೆ ಫೋನ್ ಒರಗಿಸಿ ತೆಗೆದ ಒಂದು ಫೋಟೋ ನನ್ನ ಒಳ್ಳೆಯ ಹತ್ತರಲ್ಲಿದೆ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇದೇ: ಕಲಬುರಗಿಗೆ ಹಗಲು ಹೋಗಬೇಡಿ.

ಯಾದಗಿರಿ

ವಾಡಿಯಿಂದ ರಾಯಚೂರು ಕಡೆ ನಾಲವಾರ ದಾಟಿ ಮುಂದೆ ಹೋದರೆ ಯಾದಗಿರಿ. ಮೊದಲ ಸಲ ಅಲ್ಲಿಗೆ ಹೋದದ್ದು ಬೇರೆ ಕೆಲಸಕ್ಕೆ. ಸಂಬಂಧಿಕರ ಮನೆಯ ಗೃಹಪ್ರವೇಶ. ಊಟ ಆದ ಮೇಲೆ ಹುಡುಗನಿಗೆ ಬೇಸರ, ನನಗೂ ಬೇಸರ. ಸುಮ್ನೆ ಗಾಡಿ ತೆಗೆದುಕೊಂಡು ಊರ ಹೊರಗಿನ ಒಂದು ರೈಲ್ವೆ ಗೇಟಿಗೆ ಹೋದೆವು. ಅಲ್ಲಿ ನಿಂತ ಒಂದು ಗಂಟೆಯಲ್ಲಿ ಬಂದದ್ದು ನಾಲ್ಕೇ ಗಾಡಿ. ನನಗೆ ಸಿಕ್ಕ ಫೋಟೋ ಮೂರು. ವಾಡಿಯ 212ಕ್ಕಿಂತ ಆ ಮೂರು ನೂರು ಪಾಲು ವಾಸಿ.

ಯಾಕೆ ಅಂತ ಆಮೇಲೆ ಯೋಚಿಸಿದೆ. ಮೊದಲನೆಯದು, ಅಲ್ಲಿ ಗಾಡಿ ನಿಲ್ಲುವುದಿಲ್ಲ, ಓಡುತ್ತದೆ. ನಿಂತ ಎಂಜಿನ್ ಗೋದಾಮಿನ ಹಾಗೆ ಕಾಣುತ್ತದೆ. ಓಡುವ ಎಂಜಿನ್ ಮುಂದೆ ಒರಗುತ್ತದೆ, ಹಿಂದೆ ಧೂಳು ಏಳುತ್ತದೆ, ಬೋಗಿಗಳು ಬಾಲದ ಹಾಗೆ ಬಳುಕುತ್ತವೆ. ಎರಡನೆಯದು, ಸುತ್ತ ಬಯಲು. ಹತ್ತಿ ಹೊಲ, ಕಾಲುವೆ ನೀರು ಬಂದ ಕಡೆ ಭತ್ತ, ಹಿಂದೆ ಬರೀ ಆಕಾಶ. ಮೂರನೆಯದು, ಮತ್ತು ಇದೇ ಮುಖ್ಯ, ವಾಡಿಯಿಂದ ಈ ಹಳಿ ಹೆಚ್ಚು ಕಡಿಮೆ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತದೆ. ಬೆಳಿಗ್ಗೆ ಪೂರ್ವದ ಬದಿ ನಿಂತರೆ ಗಾಡಿಯ ಇಡೀ ಮೈ ಮೇಲೆ ಬಿಸಿಲು. ಸಂಜೆ ಪಶ್ಚಿಮದ ಬದಿಗೆ ದಾಟಿದರೆ ಮತ್ತೆ ಅದೇ. ಎರಡೂ ಹೊತ್ತು ದುಡಿಯಬಹುದು.

ವಂದೇ ಭಾರತ್ ನನಗೆ ಕೊನೆಗೂ ಬೆಳಕಿನಲ್ಲಿ ಸಿಕ್ಕದ್ದು ಯಾದಗಿರಿಯಲ್ಲೇ. ಕಲಬುರಗಿ ಬಿಟ್ಟು ಅಲ್ಲಿಗೆ ಬರುವಷ್ಟರಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊತ್ತು ಮೂಡಿರುತ್ತದೆ. ಆಗ ಡಿಸೆಂಬರ್‌ನಲ್ಲಿ ಹೋದರೆ ಅದೇ ಕತ್ತಲು ಇರುತ್ತಿತ್ತು. ಬೇಸಿಗೆಯಲ್ಲಿ ನಸುಕಿಗೆ ಎದ್ದು ಬೈಕ್ ಹತ್ತುವವರು ಯಾರೂ ಇಲ್ಲ ಅಂತ ನೀವು ಅನ್ನಬಹುದು. ಇದ್ದಾರೆ, ಇಬ್ಬರು.

ಗೇಟಿನಲ್ಲಿ ನಿಲ್ಲುವುದರ ಇನ್ನೊಂದು ಲಾಭ ಟೈಮ್‌ಟೇಬಲ್ ಬೇಕಾಗುವುದಿಲ್ಲ. ಎಕ್ಸ್‌ಪ್ರೆಸ್ ಎಲ್ಲಿದೆ ಅಂತ ಫೋನಿನಲ್ಲಿ ಆ್ಯಪ್ ಹೇಳುತ್ತದೆ. ಗೂಡ್ಸ್ ಎಲ್ಲಿದೆ ಅಂತ ಅದು ಹೇಳುವುದಿಲ್ಲ. ಗೇಟು ಹೇಳುತ್ತದೆ. ಮುಚ್ಚಿತು ಅಂದರೆ ಏನೋ ಬರುತ್ತಿದೆ. ಕ್ಯಾಮೆರಾ ತೆಗೆದು, ಬಿಸಿಲು ನೋಡಿ, ಎಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸಲು ಐದು ನಿಮಿಷ ಸಿಗುತ್ತದೆ. ನಾವು ನಿಲ್ಲುವ ಗೇಟಿನ ಹತ್ತಿರ ಆಡು ಮೇಯಿಸುವ ಒಬ್ಬ ಅಜ್ಜ ಇದ್ದಾರೆ. ಗೇಟಿಗಿಂತ ಅವರೇ ಮುಂದೆ. ಕೂತಲ್ಲಿಂದ ಏಳದೆ, "ರಾಯಚೂರ್ ಕಡಿಂದ ಬರ್ಲತ್ತದ ನೋಡ್ರಿ, ಮಾಲ್‌ಗಾಡಿ" ಅನ್ನುತ್ತಾರೆ. ಆಮೇಲೆ ಗೇಟ್‌ಮನ್ ಹೊರಗೆ ಬರುತ್ತಾನೆ. ಹೇಗೆ ಗೊತ್ತಾಗುತ್ತದೆ ಅಂತ ಕೇಳಿದ್ದಕ್ಕೆ ನಕ್ಕರು. ಮೂರನೇ ಸಲ ಹೋದಾಗ ಗಮನಿಸಿದೆ, ಅವರು ಕೂರುವ ಕಲ್ಲಿನಿಂದ ದೂರದ ಸಿಗ್ನಲ್ ನೇರ ಕಾಣುತ್ತದೆ. ಅಷ್ಟೇ ಗುಟ್ಟು. ಈಗ ಹುಡುಗ ಅವರ ಪಕ್ಕವೇ ಕೂರುತ್ತಾನೆ.

ಶಕ್ತಿನಗರದ ಥರ್ಮಲ್ ಸ್ಥಾವರದ ಕಡೆಯ ಕಲ್ಲಿದ್ದಲು ಗಾಡಿಗಳು ಈ ಹಾದಿಯಲ್ಲಿ ನೋಡಲು ಚಂದ. ತುಂಬಿದ ಗಾಡಿ ನಿಧಾನ ಬರುತ್ತದೆ, ನೆಲ ಅದುರುತ್ತದೆ. ಖಾಲಿ ಗಾಡಿ ಡಬ್ಬ ಬಡಿದ ಹಾಗೆ ಸದ್ದು ಮಾಡಿಕೊಂಡು ಓಡುತ್ತದೆ.

ಯಾದಗಿರಿ ಕೋಟೆಯನ್ನೂ ಒಂದು ಸಲ ಪ್ರಯತ್ನಿಸಿದೆವು. ಊರ ನಡುವಿನ ಬೆಟ್ಟ ಹತ್ತಿದರೆ ಸುತ್ತ ಎಲ್ಲ ಕಾಣುತ್ತದೆ, ಗಾಡಿಯೂ ಕಾಣುತ್ತದೆ, ಆದರೆ ಇರುವೆ ಸಾಲಿನ ಹಾಗೆ. ನಂಬರ್ ಓದುವ ಮಾತೇ ಇಲ್ಲ. ಹುಡುಗ ಅರ್ಧ ಗಂಟೆ ಕೂತು, "ಇದು ಕೋಟಿ ನೋಡಾಕ ಬಂದಂಗಾತು" ಅಂದ. ಅವನ ಮಾತು ಸರಿ. ನನಗೆ ಕೋಟೆ ಇಷ್ಟವಾಯಿತು, ಅದು ಬೇರೆ ವಿಷಯ.

ನಂಬರ್ ಲೆಕ್ಕದಲ್ಲಿ ಯಾದಗಿರಿ ಸೋಲುತ್ತದೆ. ಒಂದು ಬೆಳಿಗ್ಗೆಗೆ ಒಂಬತ್ತೋ ಹತ್ತೋ. ಅದರಲ್ಲೂ ಓಡುವ ಎಂಜಿನ್ ನಂಬರ್ ಹಿಡಿಯಲು ಎಳೆಯ ಕಣ್ಣು ಬೇಕು.

ಬೀದರ್ ಹಾದಿ

ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರ್‌ಗೆ ಹೋಗುವ ಈ ಹಳಿ 2017ರ ಅಕ್ಟೋಬರ್ 29ರಂದು ಪೂರ್ತಿ ತೆರೆಯಿತು. ಸುಮಾರು 110 ಕಿ.ಮೀ. ಅದಕ್ಕೆ ಮೊದಲು ಬೀದರ್‌ಗೆ ರೈಲಿನಲ್ಲಿ ಹೋಗಬೇಕೆಂದರೆ ವಿಕಾರಾಬಾದ್ ಸುತ್ತಿ ಬರಬೇಕಿತ್ತು. ನಾವು ಆಗಸ್ಟ್‌ನಲ್ಲಿ ಕಮಲಾಪುರದ ಆಚೆ, ಮರಗುತ್ತಿ ಸುರಂಗದ ಕಡೆಯ ಗುಡ್ಡಗಳಲ್ಲಿ ರಸ್ತೆ ಬದಿ ಒಂದು ಜಾಗ ಹಿಡಿದೆವು. ಕಲಬುರಗಿ ಕಪ್ಪು ಮಣ್ಣಿನ ಬಯಲು ನೋಡಿ ನೋಡಿ ದಣಿದ ಕಣ್ಣಿಗೆ ಅಲ್ಲಿ ಹಸಿರು ಗುಡ್ಡ, ಮುಂದೆ ಹೋದ ಹಾಗೆ ಬೀದರ್‌ನ ಕೆಂಪು ಮಣ್ಣು. ಕೆಂಪು ಮಣ್ಣಿನ ಮೇಲೆ ಯಾವ ಬಣ್ಣದ ಗಾಡಿ ಬಂದರೂ ಎದ್ದು ಕಾಣುತ್ತದೆ.

ಇನ್ನೊಂದು ಅನುಕೂಲ, ಒಂಟಿ ಹಳಿ. ಜೋಡಿ ಹಳಿಯಲ್ಲಿ ಎರಡೂ ಬದಿ ಕರೆಂಟ್ ಕಂಬ. ಒಂಟಿ ಹಳಿಯಲ್ಲಿ ಕಂಬ ಒಂದೇ ಬದಿ. ಇನ್ನೊಂದು ಬದಿ ನಿಂತರೆ ಗಾಡಿಯ ಮುಂದೆ ಅಡ್ಡ ಏನೂ ಇಲ್ಲ. ವಾಡಿಯಲ್ಲಿ ಕಂಬಕ್ಕೆ ಬೈದೂ ಬೈದೂ ನಾಲಿಗೆ ಸವೆದವನಿಗೆ ಇದು ಸ್ವರ್ಗ.

ಒಂದೇ ಕೊರತೆ. ಗಾಡಿಗಳೇ ಇಲ್ಲ. ನಾಲ್ಕು ಗಂಟೆಯಲ್ಲಿ ಎರಡು. ಅದರಲ್ಲಿ ಒಂದು ಡೆಮು, ಅಂದರೆ ಎರಡು ತುದಿಯ ಬೋಗಿಯಲ್ಲೇ ಡೀಸೆಲ್ ಎಂಜಿನ್ ಕೂಡಿಸಿದ ಲೋಕಲ್. ಹುಡುಗ ಅವತ್ತು ನೋಟ್‌ಬುಕ್ ತೆರೆಯಲಿಲ್ಲ. ಕಮಲಾಪುರದ ಕೆಂಪು ಬಾಳೆಹಣ್ಣು ಆರು ತಿಂದ, ನಿದ್ದೆ ಮಾಡಿದ. ಆದರೆ ಮಳೆ ಬಿಟ್ಟ ಮೇಲೆ ಗುಡ್ಡದ ತಿರುವಿನಿಂದ ಆ ಡೆಮು ಹೊಗೆ ಬಿಡುತ್ತಾ ಬಂತಲ್ಲ, ಹದಿನಾಲ್ಕು ತಿಂಗಳಲ್ಲಿ ನಾನು ತೆಗೆದದ್ದರಲ್ಲಿ ಅದೇ ಮೊದಲನೆಯದು. ದೊಡ್ಡದು ಮಾಡಿಸಿ ಹಾಲ್‌ನಲ್ಲಿ ಹಾಕಿದ್ದೇನೆ. ಅಕ್ಕ ಬಂದಾಗ, "ಇಷ್ಟೆಲ್ಲ ತಿರುಗಾಡಿ ಕೊನಿಗೆ ಪ್ಯಾಸಿಂಜರ್ ಗಾಡಿ ಹಾಕೀಯೇನು?" ಅಂದಳು.

ಎಲ್ಲ ಹಾದಿಗೂ ತಂತಿ ಬಂದ ಮೇಲೆ ಡೀಸೆಲ್ ಕಾಣುವುದು ಅಪರೂಪವಾಗಿದೆ. ಮಧ್ಯ ರೈಲ್ವೆಯ ಬ್ರಾಡ್‌ಗೇಜ್ ಹಳಿ ಪೂರ್ತಿ ವಿದ್ಯುದೀಕರಣ ಆದದ್ದು 2023ರ ಫೆಬ್ರವರಿಯಲ್ಲಿ. ಮೊದಲು ಪುಣೆ, ಗುತ್ತಿ ಶೆಡ್ಡಿನ ಡೀಸೆಲ್ ಎಂಜಿನ್‌ಗಳು ಜೋಡಿಯಾಗಿ ಗೂಡ್ಸ್ ಎಳೆದುಕೊಂಡು ಹೋಗುವಾಗ ನಮ್ಮ ಮನೆ ಕಿಟಕಿ ಗಾಜು ಗಡಗಡ ಅನ್ನುತ್ತಿತ್ತು. ಆಗ ನನ್ನ ಹತ್ತಿರ ಕ್ಯಾಮೆರಾ ಇರಲಿಲ್ಲ. ಆಗಿನದು ಒಂದೂ ಫೋಟೋ ಇಲ್ಲ.

ಫೋನೋ ಕ್ಯಾಮೆರಾವೋ

ಎರಡೂ ಹಿಡಿದು ನೋಡಿದ್ದೇನೆ. ನಿಂತ ಎಂಜಿನ್‌ಗೆ ಫೋನು ಸಾಕು, ಕೆಲವು ಸಲ ಕ್ಯಾಮೆರಾಗಿಂತ ಚೆನ್ನಾಗಿ ಬರುತ್ತದೆ. ಓಡುವ ಗಾಡಿಗೆ ಫೋನು ಬೇಡ. ಹತ್ತಿರದಿಂದ ವೇಗವಾಗಿ ಹೋಗುವ ಗಾಡಿಯನ್ನು ಫೋನು ಸಾಲುಸಾಲಾಗಿ ಓದುವುದರಿಂದ ಬೋಗಿಗಳು ಓರೆಯಾಗಿ ಬರುತ್ತವೆ, ಗಾಳಿಗೆ ಬಾಗಿದ ಜೋಳದ ದಂಟಿನ ಹಾಗೆ. ನನ್ನದು ಸೆಕೆಂಡ್ ಹ್ಯಾಂಡ್ ಕ್ಯಾನನ್, 55-250 ಲೆನ್ಸ್. ಓಡುವ ಗಾಡಿ ಸ್ಪಷ್ಟವಾಗಿ ಬೇಕಾದರೆ ಶಟರ್ 1/1000 ಇಡುತ್ತೇನೆ. ಹಿನ್ನೆಲೆ ಗೀಚಿದ ಹಾಗೆ ಬರಬೇಕು, ಗಾಡಿ ಮಾತ್ರ ಸ್ಪಷ್ಟ ಇರಬೇಕು ಅಂದರೆ 1/60 ಇಟ್ಟು ಗಾಡಿಯ ಜೊತೆ ಕ್ಯಾಮೆರಾ ತಿರುಗಿಸಬೇಕು. ಹತ್ತಕ್ಕೆ ಒಂಬತ್ತು ಕೆಡುತ್ತವೆ.

ಲೆನ್ಸ್ ಎಷ್ಟೇ ಉದ್ದ ಇದ್ದರೂ ನಮ್ಮ ಕಡೆಯ ಬೇಸಿಗೆ ಬಿಡುವುದಿಲ್ಲ. ಮಾರ್ಚ್‌ನಿಂದ ಜೂನ್‌ವರೆಗೆ ಬೆಳಿಗ್ಗೆ ಹತ್ತಾದ ಮೇಲೆ ಹಳಿಯ ಮೇಲೆ ಝಳ ಏಳುತ್ತದೆ. ದೂರದ ಎಂಜಿನ್ ನೀರಿನೊಳಗೆ ಇದ್ದ ಹಾಗೆ ಅಲುಗಾಡುತ್ತದೆ. ಫೋಕಸ್ ತಪ್ಪಿದೆ ಅಂತ ನಾನು ಎರಡು ತಿಂಗಳು ಲೆನ್ಸ್‌ಗೆ ಬೈದೆ, ರಿಪೇರಿಯವನ ಹತ್ತಿರವೂ ಹೋಗಿ ಬಂದೆ. ಲೆನ್ಸ್ ಸರಿ ಇತ್ತು. ಬೆಳಿಗ್ಗೆ ಏಳರಿಂದ ಒಂಬತ್ತು ಒಳ್ಳೆಯ ಹೊತ್ತು, ಆಮೇಲೆ ಹತ್ತಿರ ಬಂದ ಗಾಡಿ ಮಾತ್ರ.

ನಿಲ್ಲುವ ಜಾಗದ ವಿಷಯದಲ್ಲಿ ನಮಗೆ ಒಂದು ಕಟ್ಟುನಿಟ್ಟು ಇದೆ. ಪ್ಲಾಟ್‌ಫಾರ್ಮಿನಲ್ಲಿ ಹಳದಿ ಗೆರೆಯ ಹಿಂದೆ, ಹೊರಗೆ ಸಾರ್ವಜನಿಕ ರಸ್ತೆಯಲ್ಲಿ, ಮುಚ್ಚಿದ ಗೇಟಿನ ಈಚೆ. ಹಳಿ ಕಡೆ ಇಳಿಯುವುದು ಇಲ್ಲವೇ ಇಲ್ಲ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಆರು ತಿಂಗಳ ತನಕ ಜೈಲು ಅಥವಾ 1,000 ರೂಪಾಯಿ ತನಕ ದಂಡ ಇದೆ. ಅದಕ್ಕಿಂತ ಹೆಚ್ಚಾಗಿ, ಕರೆಂಟ್ ಎಂಜಿನ್ ಎದುರಿಗೆ ಬಂದರೂ ಬಹಳ ಸದ್ದು ಮಾಡುವುದಿಲ್ಲ. ಡೀಸೆಲ್ ಕಾಲದ ಕಿವಿ ನಂಬಿ ನಿಂತರೆ ಕಷ್ಟ. ಮೇಲಿನ ತಂತಿಯಲ್ಲಿ 25,000 ವೋಲ್ಟ್, ಅದಕ್ಕೆ ಕೈ ತಾಗಿಸಲೇಬೇಕೆಂದಿಲ್ಲ, ಹತ್ತಿರ ಹೋದರೂ ಎಳೆದುಕೊಳ್ಳುತ್ತದೆ. ಸೇತುವೆ ಮೇಲೆ ಸೆಲ್ಫಿ ಕೋಲು ಚಾಚುವ ಹುಡುಗರನ್ನು ಕಂಡರೆ ನನಗೆ ಎದೆ ಝಲ್ ಅನ್ನುತ್ತದೆ.

ಒಂದು ಸ್ಟೇಷನ್ನಿನಲ್ಲಿ ಕಾವಲಿನವರೊಬ್ಬರು ನನ್ನನ್ನು ತಡೆದರು. "ಏನ್ ಫೋಟೋ ಹೊಡೀಲತ್ತೀರಿ? ಯಾಕ?" ಅಂದರು. ಟಿಕೆಟ್ ತೋರಿಸಿದೆ. ಹವ್ಯಾಸ ಅಂದೆ. ಹವ್ಯಾಸ ಅನ್ನುವ ಮಾತು ಅವರಿಗೆ ಇನ್ನೂ ಅನುಮಾನ ತಂದಿತು. ಬೆಳಗಿನ ನಲವತ್ತು ಫೋಟೋ ಅಳಿಸಿ ಬಂದೆ, ವಾದ ಮಾಡಲಿಲ್ಲ. ಹುಡುಗನ ನೋಟ್‌ಬುಕ್ ಕೂಡ ತಿರುವಿ ನೋಡಿದರು. ಬರೀ ನಂಬರ್ ಇರುವುದು ಕಂಡು, "ಲಾಟರಿ ಏನೋ?" ಅಂತ ಕೇಳಿದರು. ಅವತ್ತಿನಿಂದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವನು ದೊಡ್ಡದಾಗಿ ಒಂದು ಎಂಜಿನ್ ಚಿತ್ರ ಬರೆದಿದ್ದಾನೆ. ಆಮೇಲೆ ಯಾರೂ ಕೇಳಿಲ್ಲ. ಹೊಸ ಸ್ಟೇಷನ್ನಿಗೆ ಹೋದರೆ ನಾನೀಗ ಮೊದಲು ಸ್ಟೇಷನ್ ಮಾಸ್ಟರ್ ಕೋಣೆಗೆ ಹೋಗಿ ನಮಸ್ಕಾರ ಹೇಳಿ, ಹೀಗೆ ಹೀಗೆ ಅಂತ ತಿಳಿಸಿ ಬರುತ್ತೇನೆ. ಎರಡು ನಿಮಿಷದ ಕೆಲಸ.

ಹಾಗಾದರೆ ಎಲ್ಲಿಗೆ ಹೋಗಬೇಕು? ನಿಮಗೆ ಒಂದೇ ಭಾನುವಾರ ಇದ್ದರೆ, ಜೊತೆಗೆ ಮಕ್ಕಳಿದ್ದರೆ, ವಾಡಿ. ಕ್ಯಾಮೆರಾ ಮಾತ್ರ ಜೊತೆಗಿದ್ದರೆ ಯಾದಗಿರಿ. ಮಳೆಗಾಲದಲ್ಲಿ, ಕಾಯುವ ತಾಳ್ಮೆ ಇದ್ದರೆ, ಬೀದರ್ ಹಾದಿ. ನಮ್ಮ ಮನೆಯಲ್ಲಿ ಈಗ ಒಪ್ಪಂದ ಆಗಿದೆ, ಒಂದು ವಾರ ಅವನ ವಾಡಿ, ಒಂದು ವಾರ ನನ್ನ ಯಾದಗಿರಿ.

ಆ ಒಪ್ಪಂದಕ್ಕೂ ಒಂದು ಕಾರಣ ಇದೆ. ಹುಡುಗ ಒಂದು ವರ್ಷದಿಂದ ವ್ಯಾಗ್-12 ಕಾಯುತ್ತಿದ್ದ. ಬಿಹಾರದ ಮಧೇಪುರಾದಲ್ಲಿ ಮಾಡುವ, ಎರಡು ಎಂಜಿನ್ ಬೆನ್ನಿಗೆ ಬೆನ್ನು ಜೋಡಿಸಿದ ಹಾಗಿರುವ, 12,000 ಅಶ್ವಶಕ್ತಿಯ ಗೂಡ್ಸ್ ಎಂಜಿನ್ ಅದು. ನಂಬರ್ 60ರಿಂದ ಶುರು. ವಾಡಿಯಲ್ಲಿ ಎಷ್ಟು ಕಾದರೂ ನಮಗೆ ಸಿಗಲಿಲ್ಲ. ಕಳೆದ ಮೇ ತಿಂಗಳಲ್ಲಿ ಯಾದಗಿರಿಯ ಗೇಟಿನಲ್ಲಿ, ಹನ್ನೊಂದು ಗಂಟೆಯ ಬಿಸಿಲಲ್ಲಿ, ಅದು ಬಂತು. ಅಜ್ಜ ಅವತ್ತು ಬಂದಿರಲಿಲ್ಲ. ಹುಡುಗ ಗೇಟ್‌ಮನ್ ಕೋಣೆಯ ಹಿಂದಿನ ನಲ್ಲಿಯಲ್ಲಿ ನೀರು ಕುಡಿಯುತ್ತಿದ್ದ. ಕೂಗಿದೆ. ಅವನು ಓಡಿ ಬರುವಷ್ಟರಲ್ಲಿ ವ್ಯಾಗನ್‌ಗಳು ಹೋಗುತ್ತಿದ್ದವು. ನಾನು ಎಂಜಿನ್ ದೂರ ಇರುವಾಗಲೇ ಒಂದು ಫೋಟೋ ಹೊಡೆದಿದ್ದೆ. ಹತ್ತಿರ ಬಂದಾಗ ಕ್ಯಾಮೆರಾ ಕೆಳಗಿಟ್ಟು ಬಾಯಿ ಬಿಟ್ಟು ನೋಡುತ್ತಾ ನಿಂತಿದ್ದೆ.

ಮನೆಗೆ ಬಂದು ಆ ಫೋಟೋ ದೊಡ್ಡದು ಮಾಡಿ ನೋಡಿದೆವು. 6, 0, ಆಮೇಲೆ ಇನ್ನೊಂದು 0. ಕೊನೆಯ ಎರಡು ಅಂಕಿ ಝಳದಲ್ಲಿ ಕರಗಿ ಹೋಗಿವೆ. ಅವನ ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲಿನಲ್ಲಿ 600 ಅಂತ ಬರೆದು ಎರಡು ಖಾಲಿ ಗೆರೆ ಎಳೆದಿದ್ದಾನೆ. ಲೆಕ್ಕಕ್ಕೆ ಮಾತ್ರ ಇನ್ನೂ ಸೇರಿಸಿಕೊಂಡಿಲ್ಲ.